ಚಡಾವು ಠಾಣೆಯ ಮೆಟ್ಟಿಲು

ಹೇಮನಕೆರೆ ನಗರದಲ್ಲಿ ತೂಕದ ಮನೆಯವರನ್ನು ಅರಿಯದವರಿಲ್ಲ. ದೊಡ್ಡಪೇಟೆಯಲ್ಲಿ ತೂಕಕ್ಕೆ ತಕರಾರು ಬಂದರೆ ಈ ಜೈನ ಮನೆತನದ ಕಲ್ಲುಗಳನ್ನಿಟ್ಟು ತೂಗಿದ ಮೇಲೆ ಎರಡನೆಯ ಮಾತಿರುತ್ತಿರಲಿಲ್ಲ. ಮದುವೆಗೆ ಬಂದ ಪರಸ್ಥಳದವರು ಒಡವೆಗಳನ್ನು ಇವರ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟು ನಿಶ್ಚಿಂತೆಯಿಂದ ನಿದ್ದೆಹೋಗುತ್ತಿದ್ದರು. ಅದೇ ಪೇಟೆಯ ತುದಿಯಲ್ಲಿ, ಹೆಂಚಿನ ಮಾಡು, ಕಮಾನಿನ ಜಗಲಿಗಳ ಹಳೆಯ ನಗರ ಪೊಲೀಸ್ ಠಾಣೆ ಇದೆ. ಪೊಲೀಸರು ಹೊಸ ಕಟ್ಟಡಕ್ಕೆ ಹೋಗಿ ಬಹಳ ಕಾಲವಾಯಿತು. ಈಗ ಅದು ನಗರಸಭೆಯ ವಸ್ತುಸಂಗ್ರಹಾಲಯ. ಆದರೂ ಆಟೋದವರಿಗೆ ‘ಚಡಾವು ಠಾಣೆ’ ಎಂದರೇ ತಿಳಿಯುವುದು. ಆ ಹೆಸರಿನ ಹಿಂದಿರುವವರು ತೂಕದ ಮನೆಯ ಚಂದನಮ್ಮನವರು.

ಮಹಾರಾಜರ ಕಾಲದಲ್ಲಿ ಒಮ್ಮೆ, ಮದುವೆಯ ದಿಬ್ಬಣದವರೊಬ್ಬರು ಚಂದನಮ್ಮನವರ ಪತಿ ಪಾಯಣ್ಣನವರ ವಶಕ್ಕೆ ಕೊಟ್ಟಿದ್ದ ಮದುಮಗಳ ಚಿನ್ನದ ಡಾಬು ಮುಹೂರ್ತದ ದಿನ ಪೆಟ್ಟಿಗೆಯಲ್ಲಿ ಕಾಣಲಿಲ್ಲ. ಆಗೆಲ್ಲ ಮರ್ಯಾದಸ್ಥರು ಠಾಣೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಬೇಕಾದರೆ ಇನ್‌ಸ್ಪೆಕ್ಟರೇ ಮನೆಗೆ ಬಂದು, ಕಾಫಿ ಕುಡಿದು, ವಿಚಾರಿಸಿಕೊಂಡು ಹೋಗುತ್ತಿದ್ದರು. ಆ ದಿನ ಇನ್‌ಸ್ಪೆಕ್ಟರ್ ಲಿಂಗರಾಜೇ ಅರಸಿನವರು ಕಾನ್‌ಸ್ಟೇಬಲ್‌ಗಳನ್ನು ಕಳಿಸಿದರು. ಪಾಯಣ್ಣನವರು ತುದಿ ಬಾಗಿದ ಕೆಂಪು ತೊಗಲಿನ ಚಡಾವು ಮೆಟ್ಟಿಕೊಂಡು, ಹಗಲು ಹೊತ್ತಿನಲ್ಲಿ, ಪೇಟೆಯ ನಡುವೆ ಅವರೊಡನೆ ಠಾಣೆಗೆ ನಡೆದರು. ಯಾರ ಮನೆಗೆ ಹೋದರೂ ಬಿಡುವಂತೆ ಚಡಾವನ್ನು ಮೆಟ್ಟಿಲ ಮೇಲೆ ಬಿಟ್ಟು ಒಳಗೆ ಹೋದರು. ಸಂಜೆಯೊಳಗೆ ಡಾಬು ಮದುಮಗಳ ಸೋದರಮಾವನ ಟ್ರಂಕಿನಲ್ಲೇ ಸಿಕ್ಕಿತು. ಹೆಣ್ಣಿನ ಕಡೆಯವರು ಮಾನಕ್ಕಂಜಿ, ತುಟಿ ಬಿಚ್ಚದೆ ಊರು ಬಿಟ್ಟರು. ಅರಸಿನವರು ಕೈ ಮುಗಿದು, “ಯಜಮಾನರೇ, ಮುಂದುಗಡೆ ಜನ ಕಿಕ್ಕಿರಿದಿದೆ. ತಾವು ಅವರ ಕಣ್ಣಿಗೆ ಬೀಳುವುದು ಬೇಡ, ಹಿತ್ತಿಲಲ್ಲಿ ಜಟಕಾ ನಿಲ್ಲಿಸಿದ್ದೇನೆ,” ಎಂದರು. ಅವರು ಅದನ್ನು ಗೌರವವೆಂದೇ ಎಣಿಸಿದ್ದರು. ಆದರೆ ಪಾಯಣ್ಣನವರು ಒಳಗೆ ಹೋದದ್ದನ್ನು ಪೇಟೆಯೆಲ್ಲ ನೋಡಿತ್ತು. ಹೊರಗೆ ಬಂದದ್ದನ್ನು ಯಾರೂ ನೋಡಲಿಲ್ಲ.

ಮರುದಿನ ಕಾನ್‌ಸ್ಟೇಬಲ್ ಒಬ್ಬ ಚಡಾವನ್ನು ಕಾಗದದಲ್ಲಿ ಸುತ್ತಿ ತಂದ. ಚಂದನಮ್ಮನವರು ಹೊಸ್ತಿಲಲ್ಲೇ ನಿಂತು ನೋಡಿದರು.

“ಏನಪ್ಪ ಅದು, ಕದ್ದ ಮಾಲಿನ ಹಾಗೆ ಬಗಲಲ್ಲಿ ಇಟ್ಟುಕೊಂಡು ಬಂದಿದ್ದೀ?”

“ಸಾಹೇಬ್ರು ಕೊಟ್ಟು ಬಾ ಅಂದ್ರು, ಅಮ್ಮಾವ್ರೇ.”

“ಎಲ್ಲಿತ್ತೋ ಅಲ್ಲೇ ಇಡು. ನಿಮ್ಮ ಸಾಹೇಬರು ಇವರನ್ನು ಕರೆಸಿ, ಪೇಟೆಯವರೆದುರು ತಪ್ಪಾಯಿತು ಅನ್ನಲಿ. ಆಮೇಲೆ ಇವರೇ ಮೆಟ್ಟಿಕೊಂಡು ಬರುತ್ತಾರೆ.”

“ಮಾನ ಉಳಿಸಿದ್ದಕ್ಕೆ ಇದು ಬಹುಮಾನವೋ?” ಎಂದು ಅರಸಿನವರು ಮುನಿಸಿಕೊಂಡರು. ಚಡಾವು ಮೆಟ್ಟಿಲ ಮೇಲೆ ಉಳಿಯಿತು. ಅದಿಲ್ಲದೆ ಪೇಟೆಗಿಳಿಯಲಾರದೆ ಪಾಯಣ್ಣನವರು ಮನೆಯೊಳಗೆ ಉಳಿದರು. ಪೇಟೆಯ ತಕರಾರುಗಳು ತೂಕದ ಮನೆಗೆ ಬರುವುದು ನಿಂತಿತು. “ತರಿಸಿಬಿಡು ಚಂದನಾ, ಒಮ್ಮೆ ಅಂಗಡಿ ಕಡೆ ಹೋಗಿಬರುತ್ತೇನೆ,” ಎಂದು ಅವರು ಆಗಾಗ ಕೇಳುತ್ತಿದ್ದರು. ಇನ್ನೇನು ಅರಸಿನವರ ಕರೆ ಬಂದೀತು ಎಂದು ಚಂದನಮ್ಮನವರು ಬೀದಿಯತ್ತ ನೋಡುತ್ತಿದ್ದರು. ಬಂದದ್ದು ಅರಸಿನವರ ವರ್ಗಾವಣೆಯ ಸುದ್ದಿ. ಪಾಯಣ್ಣನವರು ಮತ್ತೆ ಅಂಗಡಿ ನೋಡದೆಯೇ ತೀರಿಕೊಂಡರು. ತಾನೊಂದು ಮಾತು ಸೋತಿದ್ದರೆ ಅವರು ಇನ್ನೊಂದು ಸಲ ಅಂಗಡಿಯ ಗದ್ದಿಗೆಯ ಮೇಲೆ ಕೂರುತ್ತಿದ್ದರಲ್ಲ ಎಂದು ಚಂದನಮ್ಮನವರು ಮುಪ್ಪಿನಲ್ಲಿ ಸೊಸೆಯ ಮುಂದೆ ಕಣ್ಣೊರೆಸಿಕೊಂಡರು ಎನ್ನುತ್ತಾರೆ. ಆದರೂ ಚಡಾವನ್ನು ತರಿಸಲಿಲ್ಲ.

ಠಾಣೆಯವರೂ ಅದನ್ನು ಮುಟ್ಟಲಿಲ್ಲ. ಸಾಹೇಬರ ತಪಾಸಣೆಗೆಂದು ಪ್ರತಿವರ್ಷ ಮೆಟ್ಟಿಲಿಗೆ ಕೆಮ್ಮಣ್ಣು ಬಳಿಯುವಾಗ ಚಡಾವಿನ ಸುತ್ತಲೂ ಬಳಿದು ಬಿಡುತ್ತಿದ್ದರು. ತೊಗಲು ಬಿಸಿಲಿಗೆ ಒಣಗಿ, ಇರುವೆ ತಿಂದು, ಪುಡಿಯಾಯಿತು. ಅದರಡಿಯ ಕಲ್ಲು ಬರಿದಾಗಿಯೇ ಉಳಿಯಿತು. ಇಂದಿಗೂ ಆ ಕೆಂಪು ಮೆಟ್ಟಿಲ ಮೇಲೆ ಎರಡು ಬಿಳಿಚಿದ ಗುರುತುಗಳಿವೆ, ತುದಿ ಬಾಗಿದವು, ಬಾಗಿಲಿಗೆ ಮುಖಮಾಡಿದವು. ಬಂದವರು ಅವುಗಳ ಪಕ್ಕದಲ್ಲಿ ಕಾಲಿಟ್ಟು ಫೋಟೋ ತೆಗೆಸಿಕೊಳ್ಳುತ್ತಾರೆ. ಮೇಲೆ ನಗರಸಭೆಯ ಫಲಕವಿದೆ: ‘ಕಳ್ಳನೊಬ್ಬ ಚಡಾವು ಬಿಟ್ಟು ಹಿತ್ತಿಲಿನಿಂದ ಓಡಿಹೋದ ಸ್ಥಳ.’

ಈ ಫಲಕವನ್ನು ಕಿತ್ತರಷ್ಟೇ ಸಾಲದು. ಹೇಮನಕೆರೆಯ ನಗರಸಭೆ ಅದೇ ಮೆಟ್ಟಿಲ ಮೇಲೆ, ಹಗಲಿನಲ್ಲಿ, ಪೇಟೆಯವರೆದುರು ತೂಕದ ಮನೆಯವರ ಕ್ಷಮೆ ಕೇಳಬೇಕು.