ಕಪ್ಪಾದ ಕಬ್ಬಿಣ

"ಯಾರಿಗೂ ಏನೂ ಆಗಲಿಲ್ಲವಲ್ಲ ಮೇಡಂ, ಮತ್ತೆ ಇದರಲ್ಲಿ ತಪ್ಪು ಎಲ್ಲಿಂದ ಬಂತು?" ಎಂದು ವಾಮದೇವ ಕೇಳಿದರು.

ಅವರು ಈ ಪ್ರಶ್ನೆ ಕೇಳಿದ್ದು ಯಾವ ಜಾಗದಲ್ಲಿ ಎಂಬುದನ್ನು ಮೊದಲು ಹೇಳಬೇಕು. ರಾಣೆಬೆನ್ನೂರಿನಲ್ಲಿ ನಮ್ಮ ಮನೆತನದ ಕುಲುಮೆ ನನ್ನ ಮುತ್ತಜ್ಜನ ಕಾಲದಿಂದ ಉರಿಯುತ್ತಿದೆ. ಎತ್ತಿನ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕಿಸಲು ಸುತ್ತಲಿನ ತಾಲ್ಲೂಕುಗಳ ಜನ ನಮ್ಮ ಅಂಗಳಕ್ಕೇ ಬರುತ್ತಿದ್ದರು. ನಮ್ಮ ಮುದ್ರೆ ಇದ್ದ ಪಟ್ಟಿಯನ್ನು ಯಾರೂ ಪರೀಕ್ಷಿಸಿ ನೋಡುತ್ತಿರಲಿಲ್ಲ. ನನ್ನ ತಂದೆ ನನ್ನನ್ನು ಹುಬ್ಬಳ್ಳಿಯ ಕಾನ್ವೆಂಟಿಗೆ ಕಳಿಸಿದರು. ರಜೆಗೆ ಮನೆಗೆ ಬಂದಾಗ ಸುತ್ತಿಗೆಯನ್ನೂ ಕೈಗೆ ಕೊಟ್ಟರು. ಈಗ ಗಾಡಿಗಳಿಲ್ಲ. ಭಾನುವಾರಗಳಂದು ಹವ್ಯಾಸಕ್ಕಾಗಿ ಕಮ್ಮಾರಿಕೆ ಕಲಿಯುವವರು ಬರುತ್ತಾರೆ. ಸಮಯಕ್ಕೆ ಸರಿಯಾಗಿ ಬರಬೇಕು. ಹತ್ತಿಯ ಬಟ್ಟೆ ತೊಟ್ಟಿರಬೇಕು. ಕಾಲಿಗೆ ಬೂಟು ಇರಬೇಕು. ಚಪ್ಪಲಿಯಲ್ಲಿ ಬಂದವರನ್ನು ನಾನು ಗೇಟಿನಿಂದಲೇ ಹಿಂದಕ್ಕೆ ಕಳಿಸುತ್ತೇನೆ. ಇಷ್ಟು ತಲೆಮಾರುಗಳಲ್ಲಿ ನಮ್ಮ ಕುಲುಮೆಗೆ ಬಂದ ಒಬ್ಬರ ಕೈಯೂ ಸುಟ್ಟಿದ್ದಿಲ್ಲ.

ಆ ಬೆಳಿಗ್ಗೆ ಸುಡುವುದರಲ್ಲಿತ್ತು. ವಾಮದೇವ ಹಲ್ಲಿನ ಡಾಕ್ಟರು. ಗೋಡೆಗೆ ಹೊಡೆಯುವ ಒಂದು ಕೊಕ್ಕೆ ಮಾಡಿದ್ದರು. ಅದರ ಫೋಟೋ ತೆಗೆಯಬೇಕೆಂದು ಕಿಟಕಿಯ ಪಕ್ಕ, ಬೆಳಕು ಬೀಳುವ ಬೆಂಚಿನ ಮೇಲಿಟ್ಟು, ಕಾರಿನಲ್ಲಿದ್ದ ಫೋನ್ ತರಲು ಹೊರಗೆ ಹೋದರು. ಕಬ್ಬಿಣದ ಕೆಂಪು ಆರಿತ್ತು. ಕಾವು ಆರಿರಲಿಲ್ಲ. ಅವರ ಜೊತೆಯಲ್ಲೇ ಕಲಿಯುವ ತಾರಾಮತಿ ಚಿತ್ರಕಲೆಯ ಶಿಕ್ಷಕಿ. "ಚೆನ್ನಾಗಿ ಬಂದಿದೆಯಲ್ಲ" ಎನ್ನುತ್ತಾ ಅವರು ಕೊಕ್ಕೆಗೆ ಕೈಚಾಚಿದರು. ಕೈಯಲ್ಲಿದ್ದ ಕರವಸ್ತ್ರ ಮೊದಲು ತಾಗಿ ಹೊಗೆಯಾಡಿತು. ಕೈ ಹಿಂದಕ್ಕೆ ಬಂತು. ಅದು ಅವರು ಕುಂಚ ಹಿಡಿಯುವ ಕೈ. ಒಂದು ಗುಳ್ಳೆಯೂ ಏಳಲಿಲ್ಲ.

ನಾವೆಲ್ಲ ಉಸಿರು ಬಿಟ್ಟೆವು. ವಾಮದೇವ ಎಲ್ಲರಿಗಿಂತ ಜೋರಾಗಿ ನಕ್ಕು, "ಟೀಚರ್ರೇ, ನಿಮ್ಮ ಕರ್ಚೀಫಿಗೆ ನಮ್ಮ ಕ್ಲಿನಿಕ್ಕಿನಲ್ಲಿ ಫ್ರೀ ಟ್ರೀಟ್‌ಮೆಂಟು" ಎಂದರು. ತಾರಾಮತಿಯೂ ನಕ್ಕರು. ನಾನು ನಗಲಿಲ್ಲ. "ಇದು ನಿಮ್ಮ ತಪ್ಪು" ಎಂದೆ. ಆ ಪ್ರಶ್ನೆ ಬಂದದ್ದು ಆಗ.

"ಕುಳಿತುಕೊಳ್ಳಿ. ಒಂದು ಕತೆ ಹೇಳುತ್ತೇನೆ" ಎಂದೆ.

ಒಬ್ಬ ವ್ಯಾಪಾರಿ ಇದ್ದ. ಹಗಲೆಲ್ಲ ಬಟ್ಟೆ ಮಾರುತ್ತಿದ್ದ. ಸಂಜೆ ಹಿತ್ತಲಿನ ಕುಲುಮೆಯಲ್ಲಿ ತನ್ನ ಖುಷಿಗೆ ಕಬ್ಬಿಣ ಬಡಿಯುತ್ತಿದ್ದ. ಅವನ ಗೆಳೆಯ ಒಬ್ಬ ದರ್ಜಿ. ಅವನು ಅಂಗಡಿ ಮುಚ್ಚಿ ಬಂದು ಕುಲುಮೆಯ ಎದುರಿನ ಕಲ್ಲುಬೆಂಚಿನ ಮೇಲೆ ಕೂರುತ್ತಿದ್ದ. ಇಬ್ಬರೂ ಕತ್ತಲಾಗುವವರೆಗೆ ಮಾತಾಡುತ್ತಿದ್ದರು.

ವ್ಯಾಪಾರಿಗೆ ಕೆಲಸ ಕಲಿಸಿದ ಕಮ್ಮಾರ ಒಂದು ನಿಯಮ ಹೇಳಿಕೊಟ್ಟಿದ್ದ. ಕಾದ ಕಬ್ಬಿಣದ ಜಾಗ ಮರಳಿನ ತೊಟ್ಟಿ. ಅವಸರಕ್ಕೆ ನೀರಿನಲ್ಲಿ ಅದ್ದಿದರೆ ಗಟ್ಟಿ ಉಕ್ಕು ಬಿರಿಯುತ್ತದೆ. ಮರಳಿನಲ್ಲಿ ಅದು ತಾನಾಗಿ ಆರಬೇಕು. ಬೇರೆ ಕಡೆ ಇಡಲೇಬೇಕಾಗಿ ಬಂದರೆ ಅದರ ಮೇಲೆ ಇಕ್ಕಳವನ್ನು ಅಡ್ಡ ಇಡಬೇಕು. ಇಕ್ಕಳ ಕಂಡವರು ಮುಟ್ಟುವುದಿಲ್ಲ. ಕೆಂಪಗಿರುವ ಕಬ್ಬಿಣವನ್ನು ಮಗುವೂ ಮುಟ್ಟದು. ಕೈ ಸುಡುವುದು ಕಪ್ಪಾದ ಕಬ್ಬಿಣ.

ಒಂದು ಸಂಜೆ ವ್ಯಾಪಾರಿ ಬಾಗಿಲಿಗೆ ಒಂದು ಚಿಲಕ ಮಾಡಿದ. ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಬಂತು. ಹೆಂಡತಿಗೆ ತೋರಿಸುವ ಆತುರದಲ್ಲಿ ಅದನ್ನು ಕಲ್ಲುಬೆಂಚಿನ ಮೇಲಿಟ್ಟು ಅವಳನ್ನು ಕರೆಯಲು ಒಳಗೆ ಹೋದ. ಇಕ್ಕಳ ಅವನ ಕೈಯಲ್ಲೇ ಇತ್ತು.

ದರ್ಜಿ ಬಂದ. ಚಿಲಕ ಕಂಡ. ಎತ್ತಿಕೊಳ್ಳಲು ಬಾಗಿದ. ಆದರೆ ಅವನು ಬದುಕೆಲ್ಲ ಇಸ್ತ್ರಿಪೆಟ್ಟಿಗೆಯ ಜೊತೆ ಕಳೆದವನು. ಕಬ್ಬಿಣ ಕಂಡರೆ ಮೊದಲು ನೀರು ಚಿಮುಕಿಸುವುದು ಅವನ ಬೆರಳಿನ ಅಭ್ಯಾಸ. ಪಕ್ಕದ ನೀರಿನ ಬಾನಿಯಲ್ಲಿ ಬೆರಳದ್ದಿ ಒಂದು ಹನಿ ಸಿಡಿಸಿದ. ಹನಿ ಚುರ್ರೆಂದು ಹಾರಿಹೋಯಿತು.

ಹೆಂಡತಿಯೊಡನೆ ಹೊರಗೆ ಬರುತ್ತಿದ್ದ ವ್ಯಾಪಾರಿ ಆ ಸದ್ದು ಕೇಳಿ ಓಡಿಬಂದ. ಗೆಳೆಯನ ಎರಡೂ ಕೈ ಹಿಡಿದು ತಿರುಗಿಸಿ ನೋಡಿದ. ಏನೂ ಆಗಿರಲಿಲ್ಲ. ಹೊಲಿಯುವ ಬೆರಳುಗಳೆಲ್ಲ ನೆಟ್ಟಗಿದ್ದವು. ಅವನ ಎದೆಯ ಭಾರ ಇಳಿಯಿತು. ನಕ್ಕ. ದರ್ಜಿಯೂ ನಕ್ಕ. ಹೆಂಡತಿ ಇಬ್ಬರಿಗೂ ಸಜ್ಜಿಗೆ ಮಾಡಿ ಕೊಟ್ಟಳು. ಕೈ ಉಳಿದ ಸಂತೋಷದಲ್ಲಿ, ಚಿಲಕ ಅಲ್ಲಿಗೆ ಹೇಗೆ ಬಂತು ಎಂಬ ಮಾತು ಯಾರ ಬಾಯಿಂದಲೂ ಬರಲಿಲ್ಲ.

ಮರುದಿನ ದರ್ಜಿ ಬಂದ. ಕೂರುವ ಮೊದಲು ಬಾನಿಯಲ್ಲಿ ಬೆರಳದ್ದಿ ಕಲ್ಲಿನ ಮೇಲೆ ಚಿಮುಕಿಸಿದ. ಆಮೇಲೆ ಕುಳಿತ. ಅದರ ಮರುದಿನವೂ ಹಾಗೇ ಮಾಡಿದ. ಕ್ರಮೇಣ ಹಿತ್ತಲ ಬಾಗಿಲ ಅಗುಳಿಗೂ ಚಿಮುಕಿಸಿದ, ನೀರು ಕುಡಿಯಲು ಕೊಟ್ಟ ಚೊಂಬಿಗೂ ಚಿಮುಕಿಸಿದ. ಅಮಾವಾಸ್ಯೆಯ ದಿನ ವ್ಯಾಪಾರಿ ಕುಲುಮೆ ಹೊತ್ತಿಸಲಿಲ್ಲ. ಆ ದಿನವೂ ದರ್ಜಿ ಚಿಮುಕಿಸಿಯೇ ಕುಳಿತ.

ವ್ಯಾಪಾರಿಗೆ ತಡೆಯಲಾಗಲಿಲ್ಲ. "ಏನಯ್ಯಾ ಇದು, ನನ್ನ ಮನೆ ಕಲ್ಲಿಗೆ ದಿನಾ ಅಭಿಷೇಕ? ಇವತ್ತು ಬೆಂಕಿಯೇ ಹಾಕಿಲ್ಲ."

"ಹಾಕಿಲ್ಲ ಅಂತ ನಿನಗೆ ಗೊತ್ತು ಮಾರಾಯ, ನನಗೇನು ಗೊತ್ತು?" ಎಂದ ದರ್ಜಿ. "ಚಿಲಕ ಇಲ್ಲಿಟ್ಟದ್ದು ತಪ್ಪಾಯಿತು ಅಂತ ನೀನು ಹೇಳಲಿಲ್ಲ. ಹಾಗಾದರೆ ಅದನ್ನು ಇಡುವ ಜಾಗವೇ ಇದು ಇರಬೇಕು ಅಂದುಕೊಂಡೆ. ನನ್ನ ಕೈ ನಾನೇ ನೋಡಿಕೊಳ್ಳಬೇಕಲ್ಲ."

ವ್ಯಾಪಾರಿ ಗೆಳೆಯನ ಪಕ್ಕ ಬಂದು ಕುಳಿತ. ನಂತರ, "ಅದನ್ನು ಅಲ್ಲಿಟ್ಟದ್ದು ನನ್ನ ತಪ್ಪು. ಕ್ಷಮಿಸು" ಎಂದ. ದರ್ಜಿ ಒದ್ದೆ ಬೆರಳನ್ನು ಪಂಚೆಗೆ ಒರೆಸಿಕೊಂಡ. ಮಾರನೆಯ ಸಂಜೆ ಬಂದವನೇ ಕಲ್ಲಿನ ಮೇಲೆ ಕುಳಿತು, ಗೋಡೆಗೆ ಒರಗಿ ಕಾಲು ಚಾಚಿದ. ಗೆಳೆಯ ಹಾಗೆ ಕುಳಿತದ್ದನ್ನು ನೋಡಿದಾಗ ವ್ಯಾಪಾರಿಗೆ ನಿಜವಾಗಿ ಉಸಿರು ಬಂತು.

ಕತೆ ಅಲ್ಲಿಗೆ ಮುಗಿಯಿತು. ವಾಮದೇವ ತಲೆದೂಗಿದರು.

"ಅರ್ಥವಾಯಿತು ಮೇಡಂ. ಇನ್ನು ಮುಂದೆ ಮರಳಿನ ತೊಟ್ಟಿಯಲ್ಲೇ ಇಡುತ್ತೇನೆ. ಬೇರೆ ಕಡೆ ಇಟ್ಟರೆ ಇಕ್ಕಳ ಅಡ್ಡ ಇಡುತ್ತೇನೆ."

ಕಿಟಕಿಯ ಬಳಿ ತಾರಾಮತಿ ಮತ್ತೆ ಕೆಲಸಕ್ಕೆ ತೊಡಗಿದ್ದರು. ಬೆಂಚಿನ ಮೇಲಿದ್ದ ಸುತ್ತಿಗೆಯನ್ನು ಎತ್ತಿಕೊಳ್ಳುವ ಮೊದಲು, ಅದರ ಮರದ ಹಿಡಿಯ ಹತ್ತಿರ ಕೈಯ ಹಿಂಬದಿಯನ್ನು ತಂದು ಕಾವು ನೋಡಿದರು. ವಾಮದೇವರೂ ಅದನ್ನು ಕಂಡರು.

"ಮರಳು, ಇಕ್ಕಳ ಎಲ್ಲ ಮುಂದಿನ ಮಾತು," ಎಂದೆ. "ಈಗ ಎದ್ದು ಹೋಗಿ ತಾರಾಮತಿಯವರ ಕ್ಷಮೆ ಕೇಳಿ."