ಬೆಳ್ಳಕ್ಕಿಯ ಸೊಟ್ಟ ಗರಿ

ಸದ್ದು ಮಾಡದೆ ಕೂತ್ಕೊಳ್ಳಿ ಮಕ್ಕಳಾ. ಇದು ನಗ್ತಾ ಕೇಳೋ ಕಥೆಯಲ್ಲ.

ಒಂದು ರಾಜ್ಯದಲ್ಲಿ ಸಣ್ಣೀರಮ್ಮ ಅಂತ ಮುದುಕಿ ಇದ್ದಳು. ಒಂದು ಗರಿ ಕೈಗೆ ಕೊಟ್ಟರೆ ಸಾಕು, ಯಾವ ಹಕ್ಕಿದು, ಉದುರಿದ್ದೋ ಕಿತ್ತದ್ದೋ, ಎಲ್ಲ ಹೇಳೋಳು. ಅವಳಿಗೆ ಹಿಂದಿಲ್ಲ, ಮುಂದಿಲ್ಲ. ಬೆನ್ನಿಗೆ ಗಾಯವಾಗಿ ಬಿದ್ದಿದ್ದ ಒಂದು ಬೆಳ್ಳಕ್ಕಿ ಮರಿಗೆ ಅರಿಶಿನ ಹಚ್ಚಿ ಸಾಕಿದ್ದಳು. ಅದೇ ಅವಳ ಮಗಳು. ಅದು ದೊಡ್ಡದಾಗಿ ಕೆರೆದಂಡೆಯ ಜಾಲಿಮರದಲ್ಲಿ ಗೂಡು ಕಟ್ಟಿತು. ಗಾಯವಾದ ಜಾಗದಲ್ಲಿ ಮಾತ್ರ ವರ್ಷವರ್ಷವೂ ಒಂದು ಗರಿ ಸೊಟ್ಟಗೆ ಹುಟ್ಟೋದು. "ಆ ಸೊಟ್ಟ ಗರಿಯೇ ನಿನಗೆ ಚಂದ ಕಣೇ" ಅನ್ನೋಳು ಮುದುಕಿ.

ಅಲ್ಲಿಯ ರಾಜನಿಗೋ, ಪೇಟಕ್ಕೆ ಗರಿ ಸಿಕ್ಕಿಸೋ ಹುಚ್ಚು. ಆದರೂ ಹಕ್ಕಿ ಕೊಲ್ಲಬಾರದು, ಉದುರಿದ ಗರಿಯನ್ನೇ ತರಬೇಕು ಅಂತ ಕಟ್ಟಪ್ಪಣೆ ಮಾಡಿದ್ದ. ತರೋನು ಭಂಡಾರಿ ಮಲ್ಲರಸ. ಪರೀಕ್ಷೆ ಮಾಡೋಳು ಸಣ್ಣೀರಮ್ಮ.

ಮೊದಲು ಮಲ್ಲರಸ ನವಿಲುಗರಿ ತಂದ. ಮುದುಕಿ ಬುಡ ನೋಡಿದಳು. ಒಣಗಿ ಚೊಕ್ಕವಾಗಿತ್ತು. "ಉದುರಿದ್ದೇ ಬುದ್ಧೀ" ಅಂದಳು.

"ಇದಕ್ಕಿಂತ ಚಂದದ್ದು ಇಲ್ವೇನಯ್ಯಾ?" ಅಂದ ರಾಜ.

ಆಮೇಲೆ ನೀಲಕಂಠ ಹಕ್ಕಿಯ ಗರಿ ತಂದ. ಅದರ ಬುಡವೂ ಚೊಕ್ಕ.

"ಇದಕ್ಕಿಂತ ಚಂದದ್ದು ಇಲ್ವೇನಯ್ಯಾ?" ಅಂದ ರಾಜ.

ಮೂರನೇ ಸಲ ಒಂದು ಹಿಡಿ ಬಿಳಿ ಗರಿ ಬಂತು. ನೂಲಿನಷ್ಟು ನಯ! ರಾಜ ಕಣ್ಣರಳಿಸಿದ. "ಆಹಾ! ಇಂಥವು ಇನ್ನೂ ಸಾವಿರ ಬೇಕು!"

"ಮರದಡಿ ಬಿದ್ದಿದ್ದವು ಬುದ್ಧೀ, ಆರಿಸಿಕೊಂಡು ಬಂದೆ" ಅಂದ ಮಲ್ಲರಸ.

ಸಣ್ಣೀರಮ್ಮ ಬುಡ ನೋಡಿದಳು. ಹಸಿ ರಕ್ತ. ನಡುವೆ ಒಂದು ಸೊಟ್ಟ ಗರಿ. ಅಯ್ಯೋ ಶಿವನೇ! ಅವಳ ಎದೆ ಒಡೆದುಹೋಯಿತು. ಬೆಳ್ಳಕ್ಕಿಗೆ ಬೆನ್ನ ಮೇಲೆ ಈ ಗರಿ ಬರೋದು ಗೂಡು ಕಟ್ಟಿ ಮರಿ ಮಾಡೋ ಕಾಲದಲ್ಲೇ. ತಾಯಿ ಸತ್ತಿತು, ಮರಿಗಳ ಗತಿ? ಇನ್ನು ಸಾವಿರ ಗರಿ ಅಂದರೆ ಕೆರೆಯ ಅಷ್ಟೂ ಗೂಡು ಹಾಳು. ಕೊಂದಿದ್ದಾನೆ ಅಂದರೆ ಈ ಕಳ್ಳ, ಇದು ರಕ್ತವಲ್ಲ, ವೀಳ್ಯದ ಕೆಂಪು ಅಂತ ಸಾಧಿಸಿಬಿಡ್ತಾನೆ. ಮುದುಕಿ ಅಳು ನುಂಗಿಕೊಂಡಳು.

"ಥೂ, ಹಳೇ ಗರಿ ಬುದ್ಧೀ! ಉದುರಿ ತಿಂಗಳುಗಟ್ಟಲೆ ಕೊಳೆತದ್ದು. ಪೇಟಕ್ಕಿಟ್ಟರೆ ನಾಳೆಗೇ ಪುಡಿ. ಭಂಡಾರಿ ನಿಮಗೆ ಕಸ ತಂದುಕೊಟ್ಟಿದ್ದಾನೆ."

ಮಲ್ಲರಸನಿಗೆ ಮೈಯೆಲ್ಲಾ ಉರಿದುಹೋಯಿತು. "ಯಾವಳೇ ಕಸ ಅನ್ನೋಳು? ಇವತ್ತು ಬೆಳಿಗ್ಗೆ ನನ್ನ ಕೈಯಾರೆ ಕಿತ್ತದ್ದು!"

ಮಲ್ಲರಸ ನಾಲಿಗೆ ಕಚ್ಚಿಕೊಂಡ. ಮಾತು ಆಡಿ ಆಗಿತ್ತು.

ಗೂಡಿನಲ್ಲಿ ಮರಿಗಳಿವೆ ಅಂತ ಸಣ್ಣೀರಮ್ಮ ಹೇಳಿದಳು. ರಾಜ ಅವನ ಅಧಿಕಾರ ಕಿತ್ತುಕೊಂಡು, "ಹೋಗು, ಆ ಮರಿಗಳನ್ನ ನೀನೇ ಸಾಕು" ಅಂದ. ಮಲ್ಲರಸ ಮೀನು ಹಿಡಿದು ಮರ ಹತ್ತಿದ. ಮೂರು ಮರಿ ಇದ್ದವು. ಅವನನ್ನು ಕಂಡು ಗೂಡಿನ ಅಂಚಿಗೆ ಸರಿದವು, ಬಾಯಿ ತೆರೆಯಲಿಲ್ಲ. ಸಣ್ಣೀರಮ್ಮ ಮಡಿಲಿಗೆ ಹಾಕಿಕೊಂಡು ಮೀನು ಹಿಸುಕಿ ಬಾಯಿಗಿಟ್ಟಳು. ಮೊದಲ ದಿನ ಒಂದು ಹೋಯಿತು. ಮಾರನೇ ದಿನ ಇನ್ನೊಂದು. ಮೂರನೇ ದಿನ ರಾಜ ಬರೋ ಹೊತ್ತಿಗೆ ಕೊನೆಯದೂ ತಣ್ಣಗಾಗಿತ್ತು.

"ತಪ್ಪು ಮಾಡಿದವನಿಗೆ ಶಿಕ್ಷೆಯಾಯಿತಲ್ಲ ತಾಯಿ, ಅಳಬೇಡ" ಅಂದ ರಾಜ.

"ಕಿತ್ತೋನು ಅವನೇ ಬುದ್ಧೀ. ಇದಕ್ಕಿಂತ ಚಂದದ್ದು ಇಲ್ವಾ ಅಂತ ಕೇಳಿದ್ದು ಯಾರು?"

ರಾಜ ಪೇಟದಲ್ಲಿದ್ದ ಗರಿ ತೆಗೆದು ಕೆಳಗಿಟ್ಟ. ಅವತ್ತಿನಿಂದ ಅವನ ಪೇಟಕ್ಕೆ ಗರಿ ಏರಲಿಲ್ಲ.

ಅದಕ್ಕೇ ಮಕ್ಕಳಾ, ಚಂದದ್ದು ಕೈಗೆ ಬಂದಾಗ ಅದನ್ನ ಯಾರಿಂದ ಕಿತ್ತರು ಅಂತ ಮೊದಲು ಕೇಳಿ. ಸುಳ್ಳುಗಾರ ಇವತ್ತಲ್ಲ ನಾಳೆ ಸಿಕ್ಕಿಬೀಳ್ತಾನೆ. ಅವನು ಸಿಕ್ಕಿಬಿದ್ದ ಅಂತ ಸತ್ತ ಮರಿ ಎದ್ದು ಬರೋದಿಲ್ಲ.