ಬೆರ್ಚಪ್ಪ ಮೇಷ್ಟ್ರು ಕೊಟ್ಟ ಪ್ರಮಾಣಪತ್ರ

ಒಂದಾನೊಂದು ಊರಿತ್ತಂತೆ. ಆ ಊರಿನವರಿಗೆ ಒಂದು ಚಾಳಿ. ಕುಡಿದು ಉಳಿದ ನೀರನ್ನು ಹತ್ತಿರ ಕಂಡ ಗಿಡದ ಬುಡಕ್ಕೆ ಸುರಿಯುವುದು. ಪ್ರೀತಿಯಿಂದಲೇ ಸುರಿಯುತ್ತಿದ್ದರು ಅನ್ನಿ. ಊರತೋಟದಲ್ಲಿ ರಾಜನದೊಂದು ಬದನೆಗಿಡವಿತ್ತು. ರಾಜನ ಗಿಡವಲ್ಲವೇ, ಅದರ ಮೇಲೆ ಎಲ್ಲರಿಗೂ ಒಂದು ಚೊಂಬು ಹೆಚ್ಚು ಪ್ರೀತಿ. ಒಂಬತ್ತೇ ದಿನಕ್ಕೆ ಬೇರು ಕೊಳೆತು ಗಿಡ ಸತ್ತುಹೋಯಿತು.

ರಾಜ ಮೂರು ದಿನ ಊಟ ಬಿಟ್ಟ. ನಾಲ್ಕನೇ ದಿನ ಡಂಗುರ ಹೊಡೆಸಿದ. "ಇನ್ನು ಮೇಲೆ ತರಬೇತಿ ಮುಗಿಸಿ ಪ್ರಮಾಣಪತ್ರ ಪಡೆದ ಸ್ವಯಂಸೇವಕರು ಮಾತ್ರ ಊರತೋಟಕ್ಕೆ ನೀರು ಹಾಕತಕ್ಕದ್ದು. ಮಳೆಗೂ ಇದೇ ಮಾತು." ಮಳೆ ಬಹಳ ಮರ್ಯಾದಸ್ಥ. ಅಂದಿನಿಂದ ಬೇಲಿಯವರೆಗೆ ಬಂದು, ತೋಟವನ್ನು ಒಮ್ಮೆ ನೋಡಿ, ತಿರುಗಿ ಹೋಗುತ್ತಿತ್ತು.

ಆ ಊರಲ್ಲಿ ಕೆಂಪಾಜಮ್ಮ ಅಂತ ಒಬ್ಬಳಿದ್ದಳು. ಅವಳ ತಂಗಿ ನಿಂಗಾಜಿ ತೋಟದ ಮೂಲೆಯಲ್ಲಿ ಒಂದು ಕನಕಾಂಬರದ ಗಿಡ ನೆಟ್ಟಿದ್ದಳು. ಮೊದಲ ಹೂವು ಅಕ್ಕನ ಮುಡಿಗೆ ಅಂದಿದ್ದಳು. ಹೂ ಬಿಡುವ ಮುಂಚೆಯೇ ಜ್ವರ ಬಂದು ತೀರಿಕೊಂಡಳು. ಕೆಂಪಾಜಮ್ಮನಿಗೆ ಮನೆಯಲ್ಲಿ ಅಳು ಬರಲಿಲ್ಲ. ಗಿಡದ ಹತ್ತಿರ ಹೋಗಿ ಕೂತಳು. ಆಗ ಬಂತು. ಒಂದು ಹನಿ ಬುಡಕ್ಕೆ ಬಿತ್ತೋ ಇಲ್ಲವೋ, ಕಾವಲುಗಾರ ಎದುರಿಗೆ ನಿಂತಿದ್ದ.

"ಅಮ್ಮಾ, ನೀರು ಹಾಕಿದ್ರಿ."

"ನೀರಲ್ಲಪ್ಪ. ಅಳ್ತಾ ಇದೀನಿ."

"ಮಣ್ಣು ಒದ್ದೆ ಆಗೈತಲ್ಲ? ಹಂಗಾದ್ರೆ ನೀರೇ. ಪ್ರಮಾಣಪತ್ರ ತೋರ್ಸಿ."

ಅವಳ ಹತ್ತಿರ ಎಲ್ಲಿಂದ ಬರಬೇಕು? ತಂಗಿಯ ಗಿಡದ ಬುಡದಲ್ಲಿ ಕೂತು ಒಂದು ಸಲ ಮನಸಾರೆ ಅತ್ತುಬಿಡಬೇಕು, ಅವಳಿಗೆ ಬೇಕಾಗಿದ್ದು ಅಷ್ಟೇ. ಅದಕ್ಕಾಗಿ ತರಬೇತಿಗೆ ಸೇರಿಕೊಂಡಳು.

ಪಾಠ ಹೇಳುವವರು ತೋಟದ ಬೆರ್ಚಪ್ಪ. ಮಡಕೆ ತಲೆ, ಹುಲ್ಲಿನ ಹೊಟ್ಟೆ. ಹುಟ್ಟಿದಾಗಿನಿಂದ ತೋಟದಲ್ಲೇ ನಿಂತಿದ್ದರೂ ಯಾವ ಗಿಡಕ್ಕೂ ತೊಂದರೆ ಕೊಡದವರು ಅವರೊಬ್ಬರೇ ಅಂತ ರಾಜನೇ ಹುಡುಕಿ ಮೇಷ್ಟ್ರು ಮಾಡಿದ್ದ. ಅವರು ಅವಳ ಕೈಗೆ ಒಂದು ಖಾಲಿ ಬಿಂದಿಗೆ ಕೊಟ್ಟರು.

"ಮೊದಲ್ನೇ ಪಾಠ, ಇದಕ್ಕೆ ನೀರು ತುಂಬಬಾರದು. ಎರಡ್ನೇ ಪಾಠ, ಇಲ್ಲದ ನೀರನ್ನ ಚೆಲ್ಲಬಾರದು. ಮೂರ್ನೇ ಪಾಠ, ಕಣ್ಣೂ ಒಂದು ಬಿಂದಿಗೆ ತಾಯಿ. ಅದನ್ನೂ ಖಾಲಿ ಇಡಬೇಕು."

"ಎಷ್ಟು ದಿವಸ ಮೇಷ್ಟ್ರೇ?"

"ಒಂದು ವರ್ಷ. ನಡುವೆ ಒಂದು ಹನಿ ಬಿದ್ರೂ ಮೊದಲಿಂದ."

ಕೆಂಪಾಜಮ್ಮ ದಿನವೂ ಖಾಲಿ ಬಿಂದಿಗೆ ಹೊತ್ತಳು. ದಿನವೂ ಗಿಡದ ಬುಡಕ್ಕೆ ಅದನ್ನು ಬಗ್ಗಿಸಿದಳು. ನಾಲ್ಕನೇ ತಿಂಗಳಿಗೆ ಕನಕಾಂಬರದ ಎಲೆ ಉದುರಿತು. ಏಳನೇ ತಿಂಗಳಿಗೆ ಕೊಂಬೆ ಒಣಗಿತು. ಅವಳು ತುಟಿ ಕಚ್ಚಿಕೊಂಡು ನೋಡುತ್ತ ನಿಂತಳು. ಅತ್ತರೆ ಮೊದಲಿಂದ ಅಲ್ಲವೇ?

ಒಂದು ದಿನ ಬಿಂದಿಗೆ ಮಾತಾಡಿತು. "ಅಕ್ಕಾ, ನನ್ನೊಳಗೆ ಯಾವತ್ತೂ ಏನೂ ಬಿದ್ದಿಲ್ಲ. ಏನಾದ್ರೂ ಹಾಕು."

ನೀರು ಹಾಕುವಂತಿಲ್ಲ. ಇನ್ನೇನು ಹಾಕುವುದು? ಬಿಂದಿಗೆಯ ಬಾಯಿಗೆ ಬಾಯಿಟ್ಟು ಅವಳು ನಿಂಗಾಜಿಯ ವಿಷಯ ಹೇಳಿದಳು. ಅಕ್ಕನ ಸೆರಗು ಹಿಡಿದೇ ಮಲಗುತ್ತಿದ್ದುದು ಹೇಳಿದಳು. ಮಾವಿನಕಾಯಿ ಕದ್ದು ಅರ್ಧ ಅಕ್ಕನಿಗೆ ಇಡುತ್ತಿದ್ದುದು ಹೇಳಿದಳು. ದಿನಕ್ಕೊಂದು ಹೇಳಿದಳು. ಬಿಂದಿಗೆ ದಿನದಿನಕ್ಕೆ ಭಾರವಾಯಿತು. ಅವಳು ದಿನದಿನಕ್ಕೆ ಹಗುರವಾದಳು.

ವರ್ಷ ತುಂಬಿತು. ಬೆರ್ಚಪ್ಪ ಮೇಷ್ಟ್ರು ಕಾಗೆಯ ಹೆಜ್ಜೆಯ ಮುದ್ರೆ ಒತ್ತಿ ಪ್ರಮಾಣಪತ್ರ ಕೊಟ್ಟರು. ಕೆಂಪಾಜಮ್ಮ ಅದನ್ನು ಎದೆಗೆ ಚುಚ್ಚಿಕೊಂಡು ತಂಗಿಯ ಗಿಡದ ಹತ್ತಿರ ಕೂತಳು. ಅಲ್ಲಿದ್ದದ್ದು ಒಂದು ಒಣ ಕಡ್ಡಿ. ಕಾವಲುಗಾರ ಪತ್ರ ಓದಿ ಕೈ ಮುಗಿದ. "ಈಗ ಅಳಿ ತಾಯಿ."

ಅಳು ಬರಲಿಲ್ಲ.

ಬೆಳಗಿನಿಂದ ಸಂಜೆವರೆಗೆ ಕೂತಳು. ನಿಂಗಾಜಿಯ ಹೆಸರು ಹಿಡಿದು ಕರೆದಳು. ಕಣ್ಣು ಪಾಠ ಕಲಿತುಬಿಟ್ಟಿತ್ತು. ಬರಲಿಲ್ಲ.

ಆಗ ಪಕ್ಕದಲ್ಲಿದ್ದ ಬಿಂದಿಗೆ ತಾನಾಗಿಯೇ ಬಗ್ಗಿತು. ಬಿಕ್ಕಿ ಬಿಕ್ಕಿ ಅತ್ತಿತು. ಮೂಲೆಯ ಮಣ್ಣೆಲ್ಲ ಒದ್ದೆಯಾಯಿತು. ಕಾವಲುಗಾರ ಓಡಿ ಬಂದ.

"ಏ ಬಿಂದಿಗೆ, ನಿನ್ನ ಪ್ರಮಾಣಪತ್ರ ಎಲ್ಲಿ?"

ಕೆಂಪಾಜಮ್ಮ ತನ್ನ ಪತ್ರ ಬಿಚ್ಚಿ ಬಿಂದಿಗೆಯ ಕೊರಳಿಗೆ ಕಟ್ಟಿದಳು. "ಅಳಲಿ ಬಿಡಪ್ಪ. ನಿಂಗಾಜಿ ಅದಕ್ಕೂ ತಂಗಿಯೇ."

ಕಡ್ಡಿ ಚಿಗುರಿತೇ ಅಂತ ಕೇಳಬೇಡಿ. ಚಿಗುರಲಿಲ್ಲ. ಬಿಂದಿಗೆ ಇನ್ನೂ ಅಳುತ್ತಿದೆ, ಕೆಂಪಾಜಮ್ಮ ಇನ್ನೂ ಅದರ ಬೆನ್ನು ಸವರುತ್ತಿದ್ದಾಳೆ. ಕತೆ ಅಲ್ಲೇ ಕೂತಿದೆ, ನಾವು ಏಳೋಣ. ನೀತಿ ಏನು ಅಂದಿರಾ? ಅಳು ಬಂದ ದಿನವೇ ಅತ್ತುಬಿಡಿ. ಕಾವಲುಗಾರ ಕೇಳಿದರೆ ಬೆವರು ಅನ್ನಿ. ಬೆವರಿಗೆ ಇನ್ನೂ ಡಂಗುರ ಹೊಡೆಸಿಲ್ಲ.